ಕುರ್ಚಿ ಚೆನ್ನಾಗಿ ಬಂದಿದೆ

ಲೆನ್ಸಪ್ಪನವರಿಗೆ ಆ ಹೆಸರಿಟ್ಟದ್ದು ಬೀದಿಯವರು. ನಲವತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿದ ಅವರು, ಮಸುಕಾದ ಫೋಟೋ ಹಿಡಿದು ಬಂದ ಗಿರಾಕಿಗಳಿಗೆಲ್ಲ ಒಂದೇ ತೀರ್ಪು ಕೊಡುತ್ತಿದ್ದರು: "ಕ್ಯಾಮೆರಾ ಸರಿಯಾಗಿದೆ. ನೀವು ಸರಿಯಾಗಿಲ್ಲ." ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಬರಬರುತ್ತಾ ಗಿರಾಕಿಗಳೂ ಇಲ್ಲವಾದರು.

ಈಗ ಅವರದೇ ಫೋಟೋ ಮಸುಕಾಗಿ ಬರುತ್ತಿತ್ತು. ಹನ್ನೊಂದು ವರ್ಷದಿಂದ ತಮ್ಮನನ್ನು ನೋಡದ ಅಕ್ಕ, ಮಂಡಿನೋವಿನಿಂದ ಪ್ರಯಾಣ ಮಾಡಲಾರದೆ, ಒಂದು ಫೋಟೋ ಕೇಳಿದ್ದಳು. ಮೊಬೈಲಿನಲ್ಲಿ ತೆಗೆದದ್ದನ್ನು ಫೋಟೋ ಎಂದು ಒಪ್ಪುವುದು ಲೆನ್ಸಪ್ಪನವರ ಜಾಯಮಾನವಲ್ಲ. ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಎದುರಿನ ಬೆತ್ತದ ಕುರ್ಚಿಗೆ ಫೋಕಸ್ ಮಾಡಿ, ಟೈಮರ್ ಒತ್ತಿ, ಓಡಿಹೋಗಿ ಕೂತು, ಗಂಭೀರವಾಗಿ ಮುಖ ಮಾಡಿದ್ದರು. ಪ್ರಿಂಟು ಹಾಕಿಸಿ, ಕವರಿನ ಬಾಯಿ ಅಂಟಿಸುವವರೆಗೂ ಅದನ್ನು ಕನ್ನಡಕ ಹಾಕಿ ನೋಡಿರಲಿಲ್ಲ.

ಅಕ್ಕ ಫೋನು ಮಾಡಿದಳು. "ಕುರ್ಚಿ ಚೆನ್ನಾಗಿ ಬಂದಿದೆ ಕಣೋ. ಅದರ ಮುಂದೆ ಏನೋ ಹೊಗೆ ಆಡ್ತಿದೆ, ಅದು ನೀನೇನಾ?"

"ತಮಾಷೆ ಸಾಕಕ್ಕ. ಇನ್ನೊಂದು ಕಳಿಸ್ತೀನಿ."

"ಬೇಗ ಕಳಿಸೋ. ನಿನ್ನ ಮುಖ ನೆನೆಸ್ಕೊಂಡ್ರೆ ಈಚೀಚೆಗೆ ಅಪ್ಪನ ಮುಖ ಬರುತ್ತೆ."

ಆ ಮಾತು ನಾಟಿತು. ಎರಡನೆಯ ರೀಲೂ ಹಾಗೇ ಹೊಗೆಯಾದಾಗ ಕ್ಯಾಮೆರಾ ಬಿಚ್ಚಿದರು. ಫಿಲ್ಮು ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ದೂರದ ನೀರಿನ ಟ್ಯಾಂಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದರು. ಟ್ಯಾಂಕಿನ ಏಣಿಯ ಮೆಟ್ಟಿಲು ಎಣಿಸುವಷ್ಟು ಸ್ಪಷ್ಟ. ಫೋಕಸ್ ಕೂಡುವವರೆಗೆ ಕಣ್ಣಿಡುವ ಕಿಂಡಿಯಲ್ಲಿ ಎರಡಾಗಿ ಕಾಣುವ ಟ್ಯಾಂಕು, ಲೆನ್ಸಿನ ಉಂಗುರ ತಿರುಗಿಸಿದರೆ ಸರಿಯಾಗಿ ಒಂದಾಗುತ್ತಿತ್ತು. ಕ್ಯಾಮೆರಾ ಸರಿಯಾಗಿತ್ತು. ಹಾಗಾದರೆ ಉಳಿದದ್ದು ಯಾರು ಎಂಬುದನ್ನು ಒಪ್ಪಿಕೊಳ್ಳಲು ಲೆನ್ಸಪ್ಪನವರಿಗೆ ಮೂರು ದಿನ ಬೇಕಾಯಿತು.

ಫೋಕಸ್ ಮಾಡುತ್ತಿದ್ದದ್ದು ಕುರ್ಚಿಯ ಬೆನ್ನಿಗೆ. ಕೂರುತ್ತಿದ್ದದ್ದು ತುದಿಯಲ್ಲಿ, ಯಾರಾದರೂ ಕರೆದರೆ ತಟ್ಟನೆ ಏಳುವವರ ಹಾಗೆ. ಯಾರೂ ಕರೆಯುತ್ತಿರಲಿಲ್ಲ, ಆ ಮಾತು ಬೇರೆ. ಬೆತ್ತಕ್ಕೂ ಮೂಗಿಗೂ ಒಂದೂವರೆ ಅಡಿ ಅಂತರ. ಮಬ್ಬು ಕೋಣೆಯೆಂದು ಲೆನ್ಸನ್ನು ಪೂರ್ತಿ ತೆರೆದಿಟ್ಟಾಗ, ಮುಖ ಕರಗಿಹೋಗಲು ಅಷ್ಟು ಸಾಕು. ಫೋಕಸ್ ಹೊಂದಿಸಲು ಅವರು ಕೂರುವ ಜಾಗದಲ್ಲಿ ಮೊದಲು ಇನ್ನೊಬ್ಬರು ಕೂತಿರಬೇಕಿತ್ತು. ಮನೆಯಲ್ಲಿ ಆ ಇನ್ನೊಬ್ಬರು ಇರಲಿಲ್ಲ.

ಕೆಳಗಿನ ಅಂಗಡಿಯ ದರ್ಜಿಯ ಬಳಿ ಹೋಗಿ ಗಂಟಲು ಸರಿಮಾಡಿಕೊಂಡರು. "ನಿಮ್ಮ ಮೂಗು ಬೇಕಿತ್ತು. ಎರಡೇ ನಿಮಿಷ."

"ನನ್ನ ಮೂಗಾ? ವಾಪಸ್ ಕೊಡ್ತೀರಿ ತಾನೆ ಸಾರ್?"

ದರ್ಜಿ ಕತ್ತರಿ ಬಿಟ್ಟು ಮೇಲೆ ಬಂದು, ಹೇಳಿದಂತೆ ತುದಿಯಲ್ಲಿ ಕೂತ. ಬಾಯಿ ಮಾತ್ರ ಕೂರಲಿಲ್ಲ. "ನೀವು ಮನೇಲೇ ಇದೀರಾ! ಒಂದು ಸದ್ದೂ ಇಲ್ವಲ್ಲ, ಮಗಳ ಮನೆಗೋ ಎಲ್ಲಿಗೋ ಹೋಗಿದಾರೆ ಅಂದ್ಕೊಂಡಿದ್ದೆ."

"ಮಗಳಿಲ್ಲ," ಎಂದರು ಲೆನ್ಸಪ್ಪನವರು, ಉಂಗುರ ತಿರುಗಿಸುತ್ತಾ.

ದರ್ಜಿ ತನ್ನ ಮಗಳ ಕಥೆ ತೆಗೆದ. ಕಿಂಡಿಯೊಳಗೆ ಇಬ್ಬರು ದರ್ಜಿಗಳು ಮೆಲ್ಲಗೆ ಹತ್ತಿರ ಸರಿದು, ಮೂಗಿಗೆ ಮೂಗು ಕೂಡಿ, ಒಬ್ಬನಾದರು. ಇನ್ನು ಅವನನ್ನು ಎಬ್ಬಿಸಿ ತಾವು ಕೂತರೆ, ಅಕ್ಕನಿಗೆ ತಮ್ಮ ಸಿಕ್ಕಂತೆಯೇ.

"ಆಯ್ತಾ ಸಾರ್?"

ಲೆನ್ಸಪ್ಪನವರು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಇಲ್ಲ. ಎರಡೆರಡಾಗಿ ಕಾಣ್ತಿದೀರಿ," ಎಂದರು. "ಮಗಳು ಏನಂದ್ಲು, ಹೇಳಿ."