ಹೊಳಪು ಹೋದ ಜಾಗ

ಕಲ್ಲಿನ ನೆಲಕ್ಕೆ ಹೊಳಪು ಕೊಡುವವನಿಗೆ ಕೈಯಷ್ಟೇ ಬಾಯಿಯೂ ಹಿಡಿತದಲ್ಲಿರಬೇಕು. ನನ್ನ ಕೈ ಹಿಡಿತದಲ್ಲಿತ್ತು, ಬಾಯಿ ಇರಲಿಲ್ಲ.

ಆಗ ನಾನು ಹೊಸಪೇಟೆಯಿಂದ ಕಂಪ್ಲಿಗೆ ಹೋಗಿ, ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಪಡಸಾಲೆಗೆ ಹೊಸದಾಗಿ ಹಾಸಿದ್ದ ಕಡಪ ಕಲ್ಲನ್ನು ತಿಕ್ಕುತ್ತಿದ್ದೆ. ಅವರ ಮಗಳ ಮದುವೆಗೆ ಹದಿನೈದು ದಿನವಿತ್ತು. ಒರಟು ಸಾಣೆಕಲ್ಲಿನಿಂದ ಶುರುಮಾಡಿ, ನೀರು ಬಿಡುತ್ತ ನುಣುಪು ಸಾಣೆಗೆ ಬರಬೇಕು. ನಡುವೆ ಒಂದು ಮರಳಿನ ಹರಳು ಉಳಿದರೂ ಗೀರು ಬೀಳುತ್ತದೆ. ಬಿದ್ದರೆ ಹಿಂದಿನ ಸಾಣೆಗೆ ಮರಳಬೇಕು. ಸಿಟ್ಟಿನಲ್ಲಿ ಅಲ್ಲೇ ಒತ್ತಿದರೆ ಗುಳಿಯಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ತಿಳಿಯದೆ ಹೋದದ್ದು, ಹೊಳಪು ಬಂದ ಮಾರನೇ ದಿನ ಅಲ್ಲಲ್ಲಿ ಮೂಡುತ್ತಿದ್ದ ಅಂಗೈಯಗಲದ ಮಂಕು ಕಲೆ. ನೀರು ಹಾಕಿದರೆ ಮಾಯ, ಒಣಗಿದರೆ ಮತ್ತೆ ಹಾಜರು. ಒಂದನ್ನು ತಿಕ್ಕಿ ತೆಗೆದರೆ ಇನ್ನೊಂದು ಕಡೆ ಬರುತ್ತಿತ್ತು.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದರು ಮನೆಯ ಯಜಮಾನಿ, ನಗುತ್ತಲೇ.

ನನಗೆ ಮೈ ಉರಿಯಿತು. ನಮ್ಮ ಹಂಪಿಯ ಬಂಡೆಯ ಮೇಲೆ ಹುಣಸೆಹುಳಿ ಸುರಿದರೂ ಅದಕ್ಕೇನೂ ಆಗುವುದಿಲ್ಲ. ಕಡಪ ಕಲ್ಲು ಹಾಗಲ್ಲ, ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ಸಂಡೂರಿನ ಒಂದು ಮನೆಯಲ್ಲಿ ಹಿತ್ತಾಳೆ ಬೆಳಗಿದ ಹುಣಸೆನೀರು ಹರಿದು ನೆಲ ಕೆಟ್ಟಿದ್ದನ್ನು ಕಂಡಿದ್ದೆ. ಈ ಮನೆಯ ಸೊಸೆ, ಮೆಟ್ರಿಯಿಂದ ಬಂದ ಹೊಸ ಹುಡುಗಿ, ದಿನಾ ದೇವರ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ ಹಚ್ಚಿ ಬೆಳಗುತ್ತಿದ್ದಳು. ನನಗೆ ಅಷ್ಟು ಸಾಕಾಯಿತು.

"ನಿಮ್ಮ ಸೊಸಿ ಹುಣಸಿಹುಳಿ ಚೆಲ್ಲ್ಯಾಳ್ರಿ. ಹಿಂಗಾದ್ರ ಮದಿವಿಗೆ ನೆಲ ಆಗಂಗಿಲ್ಲ," ಎಂದೆ.

"ನಾನು ಹಿತ್ತಲದಾಗ ಬೆಳಗ್ತೀನ್ರಿ," ಎಂದಳು ಸೊಸೆ, ಮೆಲ್ಲಗೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಅವಳಿಗೆ ಪಡಸಾಲೆಗೆ ಕಾಲಿಡಬೇಡ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಮದುವೆ ಮುಗಿಯುವ ತನಕ ತವರಲ್ಲೇ ಇರಲಿ ಎಂದು, ಅವಳನ್ನು ಕರೆದೊಯ್ಯಲು ಮೆಟ್ರಿಗೆ ಹೇಳಿಕಳಿಸಿದರು. ನಾದಿನಿಯ ಮದುವೆಯಲ್ಲಿ ಮನೆಯ ಸೊಸೆಯೇ ಇಲ್ಲವೆಂದರೆ ಊರು ಏನೆಲ್ಲ ಆಡಿಕೊಳ್ಳುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೂ ತಲೆ ತಗ್ಗಿಸಿ ತಿಕ್ಕುತ್ತಲೇ ಇದ್ದೆ.

ಮೆಟ್ರಿಯ ಬಂಡಿ ಬರುವ ದಿನ ಬೆಳಿಗ್ಗೆ ಹೊಸ ಕಲೆ ಕಂಡಿತು. ಸೊಸೆ ಪಡಸಾಲೆಯ ಕಡೆ ಬಂದೇ ಇರಲಿಲ್ಲ. ಹಾಗಾದರೆ ಹುಳಿ ಬೇರೆ ಎಲ್ಲಿಂದ ಬಂತು ಎಂದು ಲೆಕ್ಕ ಹಾಕತೊಡಗಿದೆ. ಮಧ್ಯಾಹ್ನ ಆ ಮನೆಯ ಪದ್ಧತಿಯಂತೆ ನನಗೆ ಪಡಸಾಲೆಯಲ್ಲೇ ಊಟ ಹಾಕಿದರು. ಮುತ್ತುಗದ ಎಲೆ, ಜೋಳದ ರೊಟ್ಟಿ, ಕೊನೆಗೆ ಅನ್ನಕ್ಕೆ ಹುಳಿ ಮಜ್ಜಿಗೆ. ದಿನವೂ ಅಂದು ಹೊಳಪು ಬಂದ ಕಲ್ಲನ್ನೇ ಆರಿಸಿ ಉಣ್ಣಲು ಕೂರುತ್ತಿದ್ದೆ. ನನ್ನ ಕೆಲಸ ನೋಡುತ್ತ ಉಂಡರೆ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು. ಉಂಡ ಮೇಲೆ ನೀರು ಹಾಕಿ ಬಳಿದು ಏಳುತ್ತಿದ್ದೆ. ಅಂದು ಮಾತ್ರ ನೀರು ಹಾಕದೆ ಎಲೆ ಎತ್ತಿದೆ. ಎಲೆ ಹೆಣೆಯಲು ಕಡ್ಡಿ ಚುಚ್ಚಿದ ತೂತುಗಳಿಂದ ಮಜ್ಜಿಗೆ ಸೋರಿ, ಕೆಳಗೆ ಅಂಗೈಯಗಲ ನಿಂತಿತ್ತು. ಒಣಬಟ್ಟೆಯಿಂದ ಒರೆಸಿದೆ. ಹೊಳಪು ಹೋಗಿತ್ತು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಅವ್ವಾರ, ತಪ್ಪು ನಂದ್ರಿ. ನೆಲ ಕೆಡಿಸಿದ್ದು ನನ್ನ ಎಲಿ," ಎಂದೆ. ಅತ್ತೆ ಬಂದು ನೆಲ ನೋಡಿದರು, ನನ್ನನ್ನು ನೋಡಿದರು. ಅಂಗಳಕ್ಕೆ ಹೋಗಿ, ಆಗಲೇ ಬಂದು ನಿಂತಿದ್ದ ಬಂಡಿಯವನನ್ನು ಬರಿಗೈಯಲ್ಲಿ ಕಳಿಸಿದರು.

ಸೊಸೆ ಇನ್ನೂ ಒಲೆಯ ಮುಂದೆಯೇ ಇದ್ದಳು. ತವರಿಗೆ ಒಯ್ಯಲು ಕಟ್ಟಿದ ಸೀರೆಗಳ ಗಂಟು ಪಕ್ಕದಲ್ಲಿತ್ತು. "ಮಜ್ಜಿಗಿ ಸೋರೋದು ನಾ ಮೊದಲ ನೋಡಿದ್ದೆ," ಎಂದಳು.

"ಮತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನಿಮ್ಮ ಎಲಿ ಅಂಗಳದ ಬಿಸಿಲಿಗೆ ಹಾಕ್ತಿದ್ರು."

ಅಂಥ ನಾಚಿಕೆಯನ್ನು ನಾನು ಅದಕ್ಕೆ ಮುಂಚೆಯೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ಮರುದಿನ ನಾನೇ ಎಲೆ ಹಿಡಿದುಕೊಂಡು ಅಂಗಳದ ಬಿಸಿಲಿನಲ್ಲಿ ಕೂತೆ. ಮಜ್ಜಿಗೆ ಬಡಿಸಲು ಅವಳೇ ಬಂದಳು. ತಲೆ ಎತ್ತಿ ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ.