ಅತ್ತೆಯ ಶುದ್ಧಪ್ರತಿ

ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ ಕುದಿಸಿದರೆ ಬರುವ ಒಂದು ಕಹಿ ವಾಸನೆಯಿದೆ. ಮನೆಯಲ್ಲೇ ಹೊಲಿದ ನೋಟುಬುಕ್ಕುಗಳ ಬೆನ್ನಿನಲ್ಲಿ ಅದು ಎಷ್ಟು ವರ್ಷವಾದರೂ ಉಳಿಯುತ್ತದೆ. ಮೊನ್ನೆ ಟ್ರಂಕಿನಿಂದ ತಾತನ ಕಥೆಗಳನ್ನು ತೆಗೆದಾಗ ಮೂಗಿಗೆ ಬಂದದ್ದು ಅದೇ. ಅಥವಾ ಬಂದಿತೆಂದು ನಾನೇ ಅಂದುಕೊಂಡೆ. ನಿಮ್ಮಲ್ಲೂ ಅಂಥ ಒಂದು ಟ್ರಂಕು ಇದ್ದರೆ, ನೆನಪು ಹೇಗೆ ತನ್ನಷ್ಟಕ್ಕೆ ಮಡಿ ಉಟ್ಟು ಒಪ್ಪವಾಗಿ ಬಂದು ಕೂರುತ್ತದೆಂದು ನಿಮಗೂ ಗೊತ್ತಿರುತ್ತದೆ. ಅದನ್ನು ನಂಬಿ ನಂಬಿ ನನಗೀಗ ಸುಸ್ತಾಗಿದೆ.

ನರಸೀಪುರದ ಆ ಮನೆಯಲ್ಲಿ ತಾತ ನಿವೃತ್ತ ಮೇಷ್ಟರು. ಮಕ್ಕಳಿಗೆಂದು ಮೈಸೂರು ಅರಸರ ಮನೆತನದ ಕಥೆ ಬರೆಯುತ್ತಿದ್ದರು. ಬೆಳಗ್ಗೆ ಅವರು ಗೀಚಿದ ಹಾಳೆಗಳನ್ನು ಅವರ ಮಗಳು, ನನ್ನ ಪದ್ದತ್ತೆ, ಸಂಜೆ ದೀಪ ಹಚ್ಚಿದ ಮೇಲೆ ದುಂಡಗೆ ಶುದ್ಧಪ್ರತಿ ಮಾಡುತ್ತಿದ್ದಳು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಸಾವಿನ ಮಾತು ಆಡುವಂತಿರಲಿಲ್ಲ. ಅತ್ತೆ ಆ ನೇಮವನ್ನು ಬರವಣಿಗೆಗೂ ತಂದಿದ್ದಳು. ತಾತನ ಹಾಳೆಯಲ್ಲಿ ತೀರಿಕೊಂಡ ಅರಸ ಅವಳ ಪ್ರತಿಯಲ್ಲಿ ಮಗನಿಗೆ ಪಟ್ಟ ಕಟ್ಟಿ, ದೇವರ ಸೇವೆಗೆಂದು ನಂಜನಗೂಡಿಗೆ ಹೊರಟುಬಿಡುತ್ತಿದ್ದ. ಯುದ್ಧದಲ್ಲಿ ಬಿದ್ದವನೂ ಅಲ್ಲಿಗೇ. ಶನಿವಾರ ಜಗಲಿಯಲ್ಲಿ ತಾತ ಓದುವಾಗ ಹೆಮ್ಮಿಗೆಯಿಂದ ಹಾಲು ತರುತ್ತಿದ್ದ ಮಾದಪ್ಪ ಕಂಬಕ್ಕೊರಗಿ ಕೇಳುತ್ತಿದ್ದ.

"ಅಲ್ಲಾ ಸಾ, ನಿಮ್ ರಾಜ್ರೆಲ್ಲಾ ನಂಜನಗೂಡ್ಗೇ ಓಯ್ತಾವ್ರಲ್ಲ, ಅಷ್ಟ್ ಜನಕ್ಕೂ ಉಣ್ಣಾಕಿಕ್ಕೋರ್ ಯಾರು?"

"ನೀನೇ ಹೋಗಿ ಬಡಿಸಪ್ಪ," ಎಂದಳು ಒಳಗಿನಿಂದ ಅತ್ತೆ. "ಹೇಗೂ ಇಲ್ಲಿಗೆ ಬರೋದು ಲೇಟೇ."

ತಾತ ಕನ್ನಡಕ ಸರಿಮಾಡಿಕೊಂಡು, ಅವಳು ಬರೆದದ್ದನ್ನೇ ಓದುತ್ತಿದ್ದರು. ಒಮ್ಮೆಯೂ ತಿದ್ದಲಿಲ್ಲ. ಯಾಕೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅಮ್ಮನಿಂದ. ನಾನು ಹುಟ್ಟುವ ಮೊದಲೇ ಅತ್ತೆಯ ಆರು ವರ್ಷದ ಮಗ ಜ್ವರದಲ್ಲಿ ಹೋಗಿದ್ದ. ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ತಾತ ಹೋದರು. ಮನೆಯಿದ್ದಲ್ಲಿ ಈಗ ಜೆರಾಕ್ಸ್ ಅಂಗಡಿ. ಜಗಲಿ ಯಾವ ಕಡೆಗಿತ್ತೆಂದು ನಿಂತು ಲೆಕ್ಕ ಹಾಕಿದರೂ ಹೊಳೆಯುವುದಿಲ್ಲ. ಆ ಕಥೆಗಳನ್ನು ಪುಸ್ತಕ ಮಾಡಲು ಕೂತಾಗ, ಅರಸರೆಲ್ಲ ನಂಜನಗೂಡಿಗೆ ಹೋಗುವುದನ್ನು ಪ್ರಕಾಶಕರು ಒಪ್ಪಲಿಲ್ಲ. ಒಪ್ಪಬಾರದು ಕೂಡ. ತಾತನ ಹಾಳೆ ನೋಡಿ ಒಬ್ಬೊಬ್ಬರನ್ನಾಗಿ ಸಾಯಿಸಿದೆ. ಕೊನೆಗೆ ಉಳಿದವನು ತಾತ ಕಲ್ಪಿಸಿದ ಒಬ್ಬ ಎಳೆಯ ರಾಜಕುಮಾರ, ಜ್ವರದಲ್ಲಿ ಸಾಯಬೇಕಾದವನು. ಅತ್ತೆಯನ್ನು ಕೇಳದೆ ಅವನನ್ನು ಮುಟ್ಟಲಾರದೆ ಹೋದೆ. ಬೇಡವೆಂದರೆ ಪುಸ್ತಕವನ್ನೇ ಬಿಡುವುದೆಂದು ಬಸ್ಸು ಹತ್ತಿದೆ.

ಅತ್ತೆ ಆಗ ನಂಜನಗೂಡಿನಲ್ಲಿ, ನನ್ನ ತಂಗಿಯ ಮನೆಯಲ್ಲಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ನನ್ನ ಮೊಣಕೈ ಹಿಡಿದು, "ತೆಳ್ಳಗಾಗಿದೀಯ ಕಣೋ," ಎಂದಳು. "ರಾಜರನ್ನ ಕರ್ಕೊಂಡು ಬಂದ್ಯಾ?"

ಓದತೊಡಗಿದೆ. ರಾಜಕುಮಾರನ ಹಾಸಿಗೆಯ ಬಳಿ ಬಂದಾಗ, ಹಾಳೆಯಲ್ಲಿ ಇಲ್ಲದಿದ್ದರೂ, ನನ್ನ ಬಾಯಿ ತಾನಾಗಿ ಅವನನ್ನು ನಂಜನಗೂಡಿನ ಪಲ್ಲಕ್ಕಿ ಹತ್ತಿಸತೊಡಗಿತು.

"ಬರೆದಿರೋದನ್ನ ಓದೋ," ಎಂದಳು. "ಇಲ್ಲಿಗೆ ಯಾರೂ ಬರಲಿಲ್ಲ. ನಾನು ಇಲ್ಲೇ ಇದೀನಲ್ಲ."

ಬರೆದದ್ದನ್ನು ಓದಿದೆ. ಅವಳು ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು.

"ರಾಣಿ ಅವನಿಗೆ ನೀರು ಕೊಟ್ಲಾ?"

"ಇದರಲ್ಲಿ ಇಲ್ಲ ಅತ್ತೆ."

"ಸೇರಿಸು. ಕೊಡಬೇಡಿ ಅಂದಿದ್ರು ಡಾಕ್ಟರು. ಮಧ್ಯಾಹ್ನವೆಲ್ಲ ಕೇಳ್ತಾನೇ ಇದ್ದ. ನಾನು ಕೊಡಲಿಲ್ಲ."

ಆಗಲೂ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೇನೋ.

ಪುಸ್ತಕ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಅದರಲ್ಲಿ ರಾಣಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಸಾಕು ಎನ್ನುವವರೆಗೂ ನೀರು ಕುಡಿಸುತ್ತಾಳೆ. ಅದಕ್ಕೆ ಯಾವ ಆಧಾರವೂ ಇಲ್ಲ. ಓದುವ ಮಕ್ಕಳು ಆ ಸಾಲನ್ನು ಬೇಗ ದಾಟಿ ಮುಂದಿನ ಯುದ್ಧಕ್ಕೆ ಓಡುತ್ತಾರೆ. ಓಡಲಿ.