ವಿಭೂತಿ ಹಚ್ಚಿದ ಗ್ರೀಸ್ ಡಬ್ಬಿ

ಕಮತಗಿಯಲ್ಲಿ, ಹುನಗುಂದ ಕಡೆ ಹೋಗುವ ರಸ್ತೆಯ ಮೇಲೆ ಶಿವಬಸವ್ವನ ಗ್ರೀಸ್ ಅಂಗಡಿ. ಗಂಡ ರಾಚಪ್ಪ ಇಪ್ಪತ್ತಾರು ವರ್ಷ ನಡೆಸಿದ ಅಂಗಡಿ. ಅವನು ಸತ್ತು ಹನ್ನೊಂದು ತಿಂಗಳಾಯಿತು. ಒಂದು ತಿಂಗಳು ಬಾಗಿಲು ಹಾಕಿಯೇ ಇತ್ತು. ಮನೆಯಲ್ಲಿ ಕೂತರೆ ಗೋಡೆಗಳು ತಿನ್ನಲು ಬಂದವು. ಎದ್ದು ಹೋಗಿ ಬಾಗಿಲು ತೆರೆದಳು.

ಅವಳು ಓದಿದ್ದು ಮೂರನೆಯ ಇಯತ್ತೆ. ಆದರೆ ಗ್ರೀಸ್ ಕೇಳಿದ ಕೂಡಲೇ ತೂಗಿ ಕೊಡುವವಳಲ್ಲ.

"ಯಾವುದಕ್ಕ?"

"ಗಾಡಿಗ್ರಿ."

"ಗಾಡ್ಯಾಗ ಎಲ್ಲಿಗೆ? ತಲಿನೋವಿಗೂ ಹೊಟ್ಟಿನೋವಿಗೂ ಒಂದ ಗುಳಿಗಿ ನುಂಗತೀಯೇನು?"

ಆಮೇಲೆ ಕೇಳುತ್ತಾಳೆ: ಬಿಸಿ ಆಗತೈತೋ, ನೀರಾಗ ನಿಲ್ಲತೈತೋ, ಭಾರ ಹೊರತೈತೋ? ಲಾರಿಯ ಗಾಲಿ ಬಿಸಿಯಾಗುತ್ತದೆ, ಅದಕ್ಕೆ ಕರಗದ ಗ್ರೀಸ್. ಹೊಳೆಯ ದಂಡೆಯ ಪಂಪಿಗೆ ನೀರಿಗೆ ಜಗ್ಗದ ಗ್ರೀಸ್. ಕಬ್ಬಿನ ಟ್ರಾಲಿ ಕೊಂಡಿಗೆ ಕರಿ ಗ್ರೀಸ್. ಇಷ್ಟು ಕೇಳಿಸಿಕೊಳ್ಳಲು ತಾಳ್ಮೆ ಇಲ್ಲದವನು ಮುಂದಿನ ಅಂಗಡಿಗೆ ಹೋಗಬಹುದು. ಹೋದವರು ಕಡಿಮೆ.

ಮೈದುನ ನಾಗಲಿಂಗನಿಗೆ ಮಾತ್ರ ಈ ಅಂಗಡಿ ಕಣ್ಣಿಗೆ ಬಿದ್ದ ಕಸ. "ವೈನಿ, ಒಬ್ಬ ಡ್ರೈವರ್ ಬಂದು ಕೂಗ್ಯಾಡಲಿ, ಅವತ್ತ ಬಾಗಲಾ ಹಾಕೂದು. ಮೊಬೈಲ್ ಅಂಗಡಿಯವ್ರು ಬಾಡಿಗಿಗೆ ಕೇಳಾಕತ್ಯಾರ," ಅಂದಿದ್ದ. ಶಿವಬಸವ್ವ "ಆಗಲಿ" ಅಂದಿದ್ದಳು. ಅಂಗಡಿ ಹೋದರೆ ಮತ್ತೆ ಆ ಗೋಡೆಗಳೇ ಗತಿ ಅಂತ ಅವನಿಗೆ ಹೇಳಲಿಲ್ಲ.

ಈ ಕಡೆ ಗಾಡಿ ಇದ್ದವರು ಅಮಾಸಿ ದಿನ ಗಾಡಿ ತೊಳೆದು, ಗ್ರೀಸ್ ಹೊಡೆಸಿ, ನಿಂಬೆಹಣ್ಣು ಕಟ್ಟುತ್ತಾರೆ. ಅವತ್ತು ಗ್ರೀಸ್ ಅಂಗಡಿಗೆ ಉಸಿರಾಡಲು ಬಿಡುವಿಲ್ಲ. ಈ ಸಲದ ಅಮಾಸಿಗೆ ಶಿವಬಸವ್ವನಿಗೂ ಹುರುಪು ಬಂತು. ಬೆಳಿಗ್ಗೆ ಡಬ್ಬಿಗಳನ್ನೆಲ್ಲ ಇಳಿಸಿದಳು. ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದಳು. ಪ್ರತಿ ಡಬ್ಬಿಗೂ ಮೂರು ಬೆರಳಿಂದ ವಿಭೂತಿ ಎಳೆದಳು, ಊದುಬತ್ತಿ ಬೆಳಗಿದಳು. ಡಬ್ಬಿಗಳು ಸಾಲಾಗಿ ಜಂಗಮರು ಕೂತ ಹಾಗೆ ಕಂಡವು. ನೋಡಿ ತಾನೇ ನಕ್ಕಳು.

ಮಧ್ಯಾಹ್ನ ಕಲಾದಗಿಯ ದೀಪಕ ಬಂದ. ಚಿಕ್ಕು ತೋಟದವನು. ಪಂಪಿಗೆ ಗ್ರೀಸ್ ಬೇಕಿತ್ತು. ಶಿವಬಸವ್ವ ಡಬ್ಬಿಗೆ ಕೈಹಾಕಿ ಚೂರು ತೆಗೆದು ಎರಡು ಬೆರಳ ನಡುವೆ ಹಿಚುಕಿದಳು. ನೀರಿನ ಗ್ರೀಸ್ ಬೆಣ್ಣೆಯ ಹಾಗೆ ಮುರಿಯಬೇಕು. ಇದು ನೂಲು ಎಳೆಯಿತು. ಗಾಲಿಯ ಗ್ರೀಸು!

ಅವಳು ಡಬ್ಬಿ ತಿರುಗಿಸಿ ನೋಡಿದಳು. ಸಗಟಿನಲ್ಲಿ ತಂದು ತುಂಬಿದ ಡಬ್ಬಿಗಳು, ಹೆಸರು ಇಲ್ಲ, ಎರಡರ ಬಣ್ಣವೂ ಒಂದೇ. ರಾಚಪ್ಪ ಗುರುತಿಗೆ ಸುಣ್ಣದ ಗೆರೆ ಎಳೆದಿದ್ದ. ಗಾಲಿಯದಕ್ಕೆ ಎರಡು, ನೀರಿನದಕ್ಕೆ ಒಂದು. ಆ ಗೆರೆ ತಾನೇ ಒರೆಸಿ, ಎಲ್ಲದಕ್ಕೂ ಮೂರು ಗೆರೆ ಎಳೆದು ಕೈಮುಗಿದಿದ್ದಾಳೆ.

ಬೆಳಗಿನ ಗದ್ದಲದಲ್ಲಿ ಹಿಚುಕಿ ನೋಡದೆ ತೂಗಿದ್ದಳು. ಉಳಿದವರೆಲ್ಲ ಕರಿ ಗ್ರೀಸ್ ಒಯ್ದವರು; ಗಾಲಿಗೆ ಅಂತ ಒಯ್ದವನು ಒಬ್ಬನೇ, ಇಳಕಲ್ಲಿನ ಹುಲ್ಲಪ್ಪ. ಗ್ರಾನೈಟ್ ಲಾರಿ ಡ್ರೈವರ್. ಎದುರಿನ ಗ್ಯಾರೇಜಿನ ಅಫ್ಜಲನ ಹತ್ತಿರ ಮುಂದಿನ ಎರಡೂ ಗಾಲಿಗೆ ತುಂಬಿಸಿಕೊಂಡು ಹೋಗಿದ್ದ. ಸಂಜೆ ಕಲ್ಲು ಹೇರಿಕೊಂಡು ಮಂಗಳೂರು ಬಂದರಿಗೆ ಹೊರಡುವವನು. ಘಟ್ಟ ಇಳಿಯಬೇಕು. ಆ ಬಿಸಿಗೆ ನೀರಿನ ಗ್ರೀಸ್ ಕರಗಿ ಹರಿಯುತ್ತದೆ, ಬೇರಿಂಗ್ ಬಿಗಿದು ಗಾಲಿ ಹಿಡಿಯುತ್ತದೆ.

ಫೋನು ಮಾಡಿದಳು. ಹತ್ತಲಿಲ್ಲ.

ಅಲ್ಲೇ ಕೂತಿದ್ದ ನಾಗಲಿಂಗ ದನಿ ಇಳಿಸಿದ. "ಸುಮ್ಮಿರು ವೈನಿ. ಯಾವನಿಗೆ ಗೊತ್ತಾಗತೈತಿ? ಹೇಳಿದ್ರ ಅಂಗಡಿ ಹೆಸರು ಹೋಗತೈತಿ."

"ಅಂಗಡಿ ಹೋಗಲಿ, ನೀನ ಬಾಡಿಗಿಗೆ ಕೊಡು. ಅವನ ಹೆಂಡತಿಗೆ ನನ್ನ ಗತಿ ಬರಬಾರದು," ಅಂದಳು. ದೀಪಕನಿಗೆ ಸರಿಯಾದ ಗ್ರೀಸ್ ತೂಗಿ ಕೊಟ್ಟಳು. ಎರಡೂ ಡಬ್ಬಿ ಎತ್ತಿಕೊಂಡು ರಸ್ತೆ ದಾಟಿದಳು.

ಅಫ್ಜಲ ಕೇಳಿ ಹಣೆ ಹಣೆ ಬಡಿದುಕೊಂಡ. "ಯಾ ಅಲ್ಲಾ! ನಾನೂ ಹಿಚುಕಿ ನೋಡಲಿಲ್ಲ ಚಿಗವ್ವ. ಹತ್ತು, ಗಾಡಿ ಹತ್ತು."

ಮೋಟರ್ ಸೈಕಲ್ ಹಿಂದೆ, ತೊಡೆಯ ಮೇಲೆ ಎರಡು ಡಬ್ಬಿ, ತಲೆಯ ಮೇಲೆ ಸೆರಗು. ಅಮೀನಗಡ ದಾಟುವಾಗ ಅಫ್ಜಲ ಕೂಗಿದ. "ಕರದಂಟು ತಗೋಳೂನೇನು? ಹುಲ್ಲಪ್ಪ ಬೈಯಾಕ ಬಾಯಿ ತಗದಾಗ ತುರುಕಾಕ ಬರತೈತಿ!"

"ನಿನ್ನ ಬಾಯಾಗ ಮೊದಲ ತುರುಕತೇನಿ. ರಸ್ತೆ ನೋಡಿ ಹೊಡಿ!"

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಮುಟ್ಟಿದಾಗ ಕಲ್ಲು ಹೇರಿ ಆಗಿತ್ತು. ಲಾರಿಗೆ ಹೂವು ಏರಿಸಿ, ಹುಲ್ಲಪ್ಪ ಒಡೆಯಲು ತೆಂಗಿನಕಾಯಿ ಎತ್ತಿದ್ದ.

"ಕಾಯಿ ಕೆಳಗಿಡು ಹುಲ್ಲಪ್ಪಣ್ಣ. ನಾ ನಿನಗ ತಪ್ಪು ಗ್ರೀಸ್ ಕೊಟ್ಟೇನಿ. ಗಾಲಿ ಬಿಚ್ಚಬೇಕು."

ಸುತ್ತಲಿದ್ದ ಡ್ರೈವರುಗಳು ಹೋ ಎಂದು ನಕ್ಕರು. "ಮಾರಿದ ಮಾಲು ವಾಪಸ್ ಕೇಳಾಕ ಬಂದಾಕಿ ಇಕಿ ಒಬ್ಬಾಕೇ ನೋಡ್ರಲೇ!" ಹುಲ್ಲಪ್ಪ ನಗಲಿಲ್ಲ. ಲಾರಿಯ ಮಾಲಕ ಅನಿಲಕುಮಾರ ಕಚೇರಿಯಿಂದ ಬಂದ, ಮುಖ ಗಂಟು.

"ಹೇರಿದ ಗಾಡಿ ಐತ್ರಿ ಇದು. ಗ್ರೀಸ್ ಅಂದ್ರ ಗ್ರೀಸ್, ಅದರಾಗೇನು ತಪ್ಪು, ಏನು ಸರಿ?"

ಶಿವಬಸವ್ವ ಪಕ್ಕದ ಚಹಾದ ಗಾಡಿಯ ಹತ್ತಿರ ಹೋಗಿ ಹಳೆಯ ತಗಡಿನ ಮುಚ್ಚಳ ಕೇಳಿದಳು. ಎರಡೂ ಡಬ್ಬಿಯಿಂದ ಚೂರು ಚೂರು ತೆಗೆದು ಮುಚ್ಚಳದ ಎರಡು ಕಡೆ ಹಚ್ಚಿ ಒಲೆಯ ಮೇಲಿಟ್ಟಳು.

"ಏ ಅವ್ವಾ, ನನ್ನ ಚಹಾ ನಾರತೈತಿ!" ಅಂದ ಚಹಾದವನು.

"ಈಗೇನು ಘಮ ಘಮ ಅನ್ನಾಕತ್ತೈತೇನು?" ಅಂದಳು.

ಒಂದು ಚೂರು ತುಪ್ಪದ ಹಾಗೆ ಕರಗಿ ಹರಿಯಿತು. ಇನ್ನೊಂದು ಇದ್ದಲ್ಲೇ ಕೂತಿತ್ತು. ಶಿವಬಸವ್ವ ಹರಿದದ್ದರ ಕಡೆ ಬೆರಳು ಮಾಡಿದಳು. "ಇದು ನಿಮ್ಮ ಗಾಲ್ಯಾಗ ಐತಿ."

ಹುಲ್ಲಪ್ಪ ಕಾಯಿ ಕೆಳಗಿಟ್ಟು ತಾನೇ ಜಾಕ್ ತಂದ.

ಅಫ್ಜಲ ಗಾಲಿ ಬಿಚ್ಚಿದ. ಶಿವಬಸವ್ವ ಕಲ್ಲಿನ ಮೇಲೆ ಕೂತು ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದಳು. "ಹಳೇದು ಒಂದು ಚೂರೂ ಉಳಿಬಾರದು. ಎರಡು ಜಾತಿ ಗ್ರೀಸ್ ಕೂಡಿದ್ರ ಮಜ್ಜಿಗಿ ಆಗತೈತಿ." ಆಮೇಲೆ ಅಂಗೈಯಲ್ಲಿ ಹೊಸ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಸಂದುಗಳಿಗೆ ಒತ್ತಿ ಒತ್ತಿ ತುಂಬಿದಳು. ಬಳೆ ಇಲ್ಲದ ಕೈ, ಮೊಣಕೈತನಕ ಗ್ರೀಸು. ಒಬ್ಬ ಡ್ರೈವರ್ ಗಾಲಿಯ ನಡುವಿನ ಹಬ್ಬಿನ ತುಂಬ ಗ್ರೀಸ್ ಸುರಿಯಲು ಬಂದ. ಕೈ ತಳ್ಳಿದಳು. "ಹೋಳಿಗ್ಯಾಗ ಹೂರಣಾ ಹೆಚ್ಚಾದ್ರ ಏನಾಗತೈತಿ? ಒಡಿತೈತಿ. ಸಾಕು."

ಎರಡೂವರೆ ತಾಸು ಹಿಡಿಯಿತು. ಅನಿಲಕುಮಾರ ಮೊದಲು ಗಡಿಯಾರ ನೋಡುತ್ತಿದ್ದ, ಆಮೇಲೆ ಅವಳ ಕೈ ನೋಡತೊಡಗಿದ.

"ರಾಚಪ್ಪ ಇದ್ದಾಗ ಒಮ್ಮೆರ ಹಿಂಗಾಗಿತ್ತೇನ್ರಿ?"

"ಆಗಿತ್ತು. ನನ್ನ ಮುಂದ ಹೇಳತಿದ್ದ, ನಿಮ್ಮ ಮುಂದ ಹೇಳತಿದ್ದಿಲ್ಲ."

ಅನಿಲಕುಮಾರ ನಕ್ಕುಬಿಟ್ಟ. ಆದರೂ ಮುಂದೆ ಅವಳ ಅಂಗಡಿಗೇ ಬರುತ್ತೇನೆ ಅಂತ ಗಟ್ಟಿ ಮಾತು ಕೊಡಲಿಲ್ಲ. "ಮೊದಲ ಗಾಡಿ ಘಟ್ಟ ಇಳೀಲಿ. ಆಮ್ಯಾಲ ನೋಡೂನು," ಅಂದ.

ಮರುದಿನ ಶಿವಬಸವ್ವ ಅಂಗಡಿಯಲ್ಲಿ ಕೂತಳು. ನಾಗಲಿಂಗ ಬಂದು ಮೊಬೈಲ್ ಅಂಗಡಿಯವರು ಸಂಜೆ ಬರುತ್ತಾರೆ ಅಂದ. ಅವಳು ಡಬ್ಬಿಗಳಿಗೆ ಮತ್ತೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಮೇಲೆ ಫೋನು ಬಂತು.

"ಅಕ್ಕಾರ, ಹುಲ್ಲಪ್ಪರಿ. ಘಟ್ಟ ಇಳದೇನಿ. ಗಾಲಿ ಮುಟ್ಟಿ ನೋಡಿದ್ನಿ, ಬರೇ ಬೆಚ್ಚಗೈತಿ. ಆ ಪಂಪಿನ ಗ್ರೀಸ್ ಇದ್ದಿದ್ರ ಎಲ್ಲಿರತಿದ್ನೋ ಏನೋ. ಮಾಲಕರಿಗೂ ಹೇಳೇನಿ. ನಮ್ಮ ಒಂಬತ್ತೂ ಗಾಡಿ ನಿಮ್ಮಲ್ಲೇ ಬರತಾವಂತ. ಒಂದ ಮಾತು ಅಂದ್ರು: ಆಕಿ ಕೈಲೇ ಹಿಚುಕಿ ಕೊಡಬೇಕು."

ಫೋನು ಇಟ್ಟಳು. ರಾಚಪ್ಪನಿಗೆ ಹೇಳಬೇಕೆಂದು ಒಳಗೆ ತಿರುಗಿದಳು. ಒಳಗೆ ಯಾರೂ ಇರಲಿಲ್ಲ. ಆಮೇಲೆ ಹೊರಗೆ ಬಂದು ರಸ್ತೆಯ ಆಚೆ ಕೂಗಿದಳು.

"ಅಫ್ಜಲಾ, ಬರೇ ಬೆಚ್ಚಗೈತಂತೋ!"

"ಏನು, ಚಹಾ?"

"ಗಾಲಿಯೋ ಮಂಗ್ಯಾ!"

ಅಫ್ಜಲ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎತ್ತಿ ಕುಣಿದ. ನಾಗಲಿಂಗ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎದ್ದ, ಧೋತರ ಕೊಡವಿದ.

"ಮೊಬೈಲ್ ಅಂಗಡಿಯವ್ರಿಗೆ ಏನ ಹೇಳಲಿ ವೈನಿ?"

"ಚಹಾ ಕುಡಿಸಿ ಕಳಸು," ಅಂದಳು ಶಿವಬಸವ್ವ. ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು.